ಕುಡಿಯದವನ ಕೆಂಪು ಕಣ್ಣು

ಡ್ರೈವರನ ಎಡಗಣ್ಣು ಕೆಂಪಾದಾಗ ಮೊದಲು ನಕ್ಕವಳು ಅವನ ಹೆಂಡತಿಯೇ. "ಸಿಟ್ಟು ಬಂದ್ರೆ ಎರಡೂ ಕಣ್ಣು ಕೆಂಪಾಗ್ಬೇಕು ರೀ. ನಿಮ್ದೇನು, ಅರ್ಧ ಸಿಟ್ಟಾ?" ಅಂದಳು. ಅವನೂ ನಕ್ಕ. ಅವನಿಗೆ ಮೂವತ್ತು, ಅವಳಿಗೆ ಇಪ್ಪತ್ತಾದಾಗ ಮದುವೆಯಾಗಿ ಹದಿನಾರು ವರ್ಷ ಸಂಸಾರ ಮಾಡಿದವರು, ಇಷ್ಟು ನಗು ಇನ್ನೂ ಉಳಿದಿತ್ತು.

ಅವಳದು ಕೋರ್ಟಿನ ಎದುರು ಒಂದು ಜೆರಾಕ್ಸ್ ಅಂಗಡಿ. ಅಂಗಡಿ ಅನ್ನುವುದು ದೊಡ್ಡ ಮಾತು. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಜಾಗ. ಅದರಲ್ಲಿ ಒಂದು ಯಂತ್ರ, ಒಂದು ಲ್ಯಾಮಿನೇಷನ್ ಪೆಟ್ಟಿಗೆ, ಗೋಡೆಗೆ ಒರಗಿಸಿದ ಕಾಗದದ ಕಟ್ಟುಗಳು, ಮರೆತು ಎದ್ದು ನಿಂತರೆ ನೆತ್ತಿಗೆ ಮೆಟ್ಟಿಲು ಬಡಿಯುವಂಥ ಒಂದು ಸ್ಟೂಲು. ವಕೀಲರು, ಗುಮಾಸ್ತರು, ಕೇಸು ಹಾಕಿದವರು, ಹಾಕಿಸಿಕೊಂಡವರು ಎಲ್ಲರಿಗೂ ಅವಳು ಜೆರಾಕ್ಸಮ್ಮ. ಗಾಜಿನ ಮೇಲೆ ಏನೇ ಬಂದು ಬೀಳಲಿ, ವಿಚ್ಛೇದನವಿರಲಿ, ಮರಣಪತ್ರವಿರಲಿ, ಅವಳು ಓದುತ್ತಿರಲಿಲ್ಲ. ಅಂಚು ಸರಿಯಾಗಿ ಕೂತಿದೆಯೇ ಎಂದಷ್ಟೇ ನೋಡುತ್ತಿದ್ದಳು. "ಓದೋಕೆ ಶುರು ಮಾಡಿದ್ರೆ ಊರಿನ ಕಣ್ಣೀರೆಲ್ಲ ನನ್ನ ತಲೆ ಮೇಲೆ" ಎನ್ನುತ್ತಿದ್ದಳು.

ಕಣ್ಣಿಗೆ ಔಷಧದ ಅಂಗಡಿಯವನು ಒಂದು ಹನಿಮದ್ದು ಕೊಟ್ಟ. ಕಣ್ಣು ಬೇನೆ, ಐದು ದಿನದಲ್ಲಿ ಇಳಿಯುತ್ತದೆ ಅಂದ. ಐದು ದಿನ ಹೋಗಿ ಹದಿನೈದಾಯಿತು. ಕೆಂಪು ಇಳಿಯಲಿಲ್ಲ, ಏರಿತು. ಹತ್ತಿರದಿಂದ ನೋಡಿದರೆ ಬಿಳಿಗುಡ್ಡೆಯ ಮೇಲೆ ನರಗಳು ಬೋಲ್ಟಿನ ಸುತ್ತುಗೆರೆಯಂತೆ ತಿರುಚಿಕೊಂಡು ಉಬ್ಬಿದ್ದವು. ರೆಪ್ಪೆ ಊದಿಕೊಂಡು, ಆ ಕಣ್ಣು ಇನ್ನೊಂದಕ್ಕಿಂತ ತುಸು ಮುಂದೆ ಬಂದ ಹಾಗೆ ಕಾಣುತ್ತಿತ್ತು. ಕಣ್ಣಿನ ಡಾಕ್ಟರೊಬ್ಬರು ಧೂಳಿನ ಅಲರ್ಜಿ ಅಂದರು. ಇನ್ನೊಬ್ಬರು ನಿದ್ದೆ ಸಾಲದು ಅಂದರು. ಇಬ್ಬರೂ ಹನಿ ಬರೆದುಕೊಟ್ಟರು.

ಅದರ ಜೊತೆಗೆ ಒಂದು ಸದ್ದು. ಭಾನುವಾರ ಮಧ್ಯಾಹ್ನ ಊಟವಾಗಿ ಮಲಗಿದ್ದವನು ಎದ್ದು ಕೂತು, "ಪಕ್ಕದ ಮನೇಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೀತಿದಾರಾ?" ಎಂದು ಕೇಳಿದ.

"ಇಲ್ವಲ್ಲ."

"ಬುಸ್... ಬುಸ್... ಅಂತಿದೆ. ನಿಂಗೆ ಕೇಳಿಸ್ತಿಲ್ವಾ?"

ಅವಳು ಕಿವಿಗೊಟ್ಟಳು. ಫ್ಯಾನಿನ ಕಿರುಗುಟ್ಟುವಿಕೆ ಬಿಟ್ಟರೆ ಏನೂ ಇರಲಿಲ್ಲ. "ನಿಮ್ಮ ತಲೆಯೊಳಗೇ ಯಾರೋ ಹೊಡೀತಿರ್ಬೇಕು" ಎಂದು ತಮಾಷೆ ಮಾಡಿ ಮಗ್ಗುಲಾದಳು. ಆದರೆ ಆ ಮಾತು ಅವಳ ಮನಸ್ಸಿನಲ್ಲಿ ಸರಿಯಾಗಿ ಕೂರಲಿಲ್ಲ. ಇಲ್ಲದ ಸದ್ದು ಕೇಳಿಸುವ ಮನುಷ್ಯನೊಬ್ಬನನ್ನು ಅವಳು ಹಿಂದೆಯೂ ಕಂಡಿದ್ದಳು. ಅವಳ ಅಪ್ಪ.

ಅಪ್ಪ ಕುಡಿದು ಕುಡಿದೇ ಹೋದವನು. ಕೊನೆಕೊನೆಗೆ ಗೋಡೆಯೊಳಗೆ ಯಾರೋ ಮಾತಾಡುತ್ತಾರೆ ಎಂದು ಗೋಡೆಗೆ ಕಿವಿ ಹಚ್ಚಿ ನಿಲ್ಲುತ್ತಿದ್ದ. ಅವನ ಕಣ್ಣು ಯಾವಾಗಲೂ ಕೆಂಡ. ಅಮ್ಮ ಬೇಗ ತೀರಿಕೊಂಡ ಮೇಲೆ, ಅಪ್ಪನ ಹೆಜ್ಜೆ ಸದ್ದು ಕೇಳಿದೊಡನೆ ತಮ್ಮನನ್ನು ಎಳೆದುಕೊಂಡು ಬಚ್ಚಲಿನಲ್ಲಿ ಚಿಲಕ ಹಾಕಿಕೊಂಡು ಕೂರುತ್ತಿದ್ದವಳು ಇವಳೇ. ತಮ್ಮನಿಗಿಂತ ಒಂಬತ್ತು ವರ್ಷ ದೊಡ್ಡವಳು. ಅಕ್ಕ ಅನ್ನುವುದಕ್ಕಿಂತ ತಾಯಿಯೇ ಆಗಿದ್ದಳು. ಈ ಡ್ರೈವರನನ್ನು ಮದುವೆಯಾದದ್ದೂ ಅದಕ್ಕೇ: ಬಾಯಿಗೆ ಒಂದು ಹನಿ ಹಾಕದವನು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಅನ್ನುತ್ತಾರೆ ಎಂಬ ಗಾದೆಯಿದೆ. ಇವನು ಈಚಲ ಮರದ ನೆರಳಿಗೂ ಹೋದವನಲ್ಲ. ಮದುವೆಯಾದ ಮೇಲೆ ಅವಳ ತಮ್ಮನನ್ನೂ ಮನೆಗೆ ಕರೆತಂದು, ಓದಿಸಿ, ತಾನು ಬಸ್ಸು ಓಡಿಸುತ್ತಿದ್ದ ಡಿಪೋದ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಕೆಲಸಕ್ಕೆ ಸೇರಿಸಿದ್ದ. ತಮ್ಮ ಈಗ ಮದುವೆಯಾಗಿ ಬೇರೆ ಮನೆ ಮಾಡಿದ್ದ; ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಆಗುವುದರಲ್ಲಿತ್ತು.

ಅವಳಿಗೆ ಇನ್ನೊಂದು ನೆನಪಾಯಿತು. ಕಣ್ಣು ಕೆಂಪಾಗುವುದಕ್ಕೆ ಎರಡು ವಾರ ಮೊದಲು ಗಂಡ ಎರಡು ದಿನ ಮನೆಗೇ ಬಂದಿರಲಿಲ್ಲ; ಹೆಚ್ಚುವರಿ ಟ್ರಿಪ್ಪು ಎಂದು ಫೋನು ಮಾಡಿದ್ದ. ಬಂದಾಗ ಎಡಹುಬ್ಬಿನ ಮೇಲೆ ಪಟ್ಟಿ, ಕೆನ್ನೆಯವರೆಗೆ ನೀಲಿ. ಏನಾಯಿತು ಎಂದರೆ, "ಮೆಟ್ಟಿಲಿಳೀವಾಗ ಜಾರಿದೆ" ಅಂದಿದ್ದ. ಆಗ ಅವಳು ಅರಿಶಿನ ಹಚ್ಚಿ ಸುಮ್ಮನಾಗಿದ್ದಳು. ಈಗ ಆ ಜಾರುವಿಕೆ ಬೇರೆಯೇ ಆಗಿ ಕಾಣತೊಡಗಿತು. ಅವಳ ಅಪ್ಪನೂ ವಾರಕ್ಕೆರಡು ಸಲ ಮೆಟ್ಟಿಲಲ್ಲಿ ಜಾರುತ್ತಿದ್ದ.

ಎರಡನೆಯ ತಿಂಗಳಲ್ಲಿ ಬಸ್ಸು ಡಿಪೋದ ಗೇಟಿಗೆ ಗುದ್ದಿತು. ಹಾಡುಹಗಲು, ಹನ್ನೊಂದೂವರೆಗೆ. ಇಪ್ಪತ್ತು ವರ್ಷದಿಂದ ಕಣ್ಣು ಮುಚ್ಚಿಕೊಂಡು ಒಳತರುತ್ತಿದ್ದವನಿಗೆ ಅಂದು ಎರಡು ಗೇಟು ಕಂಡಿದ್ದವು. ಅವನು ಇಲ್ಲದ ಗೇಟಿನೊಳಗೆ ಬಸ್ಸು ನುಗ್ಗಿಸಿದ್ದ. ಯಾರಿಗೂ ಏಟಾಗಲಿಲ್ಲ. ಮ್ಯಾನೇಜರ್ ಓಡಿ ಬಂದ. ಕೆಳಗಿಳಿದವನ ಕಣ್ಣು ಕೆಂಪು, ನಡಿಗೆ ಅಡ್ಡಾದಿಡ್ಡಿ. ಇನ್ನೇನು ಬೇಕು?

"ಊದಿಸಿ ನೋಡಿ ಸಾರ್" ಎಂದು ಡ್ರೈವರನೇ ಕೇಳಿದ. ಊದುವ ಯಂತ್ರ ಕೆಟ್ಟು ತಿಂಗಳಾಗಿತ್ತು. "ರಕ್ತ ತೆಗೆದು ನೋಡಿ ಹಾಗಾದ್ರೆ" ಅಂದ. ಅದಕ್ಕೆ ಪತ್ರ ಬೇಕು, ಪತ್ರ ಬರೆಯುವವರು ರಜೆ. ಸಂಜೆಯೊಳಗೆ ಅವನನ್ನು ಅಮಾನತು ಮಾಡಿ ವಿಚಾರಣೆಗೆ ಇಟ್ಟರು.

ಮನೆಯಲ್ಲಿ ಅವನು ಇದನ್ನೆಲ್ಲ ಹೇಳುವಾಗ ಅವಳು "ಹೌದಾ, ಹೌದಾ" ಎನ್ನುತ್ತಿದ್ದಳು. ಮರುದಿನ ಅವನು ಸ್ನಾನಕ್ಕೆ ಹೋದಾಗ ಅವನ ಡ್ಯೂಟಿ ಚೀಲ ತೆಗೆದು ನೋಡಿದಳು. ಅಟ್ಟ ನೋಡಿದಳು. ಬಚ್ಚಲಿನ ನೀರಿನ ತೊಟ್ಟಿಯೊಳಗೆ ಕೈ ಹಾಕಿ ತಡಕಿದಳು. ಅಪ್ಪ ಬಾಟಲಿ ಇಡುತ್ತಿದ್ದ ಜಾಗ ಅದು. ಒಂದು ಮಧ್ಯಾಹ್ನ ಅವನು ಬಾಯಿ ತೆರೆದು ನಿದ್ದೆ ಹೋಗಿದ್ದಾಗ ಮೆಲ್ಲನೆ ಬಗ್ಗಿ ಮೂಸಿದಳು.

ಅವನು ಕಣ್ಣು ತೆರೆಯದೆಯೇ ಕೇಳಿದ: "ಏನು ಸಿಕ್ತು?"

ಅವಳು ಬೆಚ್ಚಿ ಹಿಂದೆ ಸರಿದಳು.

"ಬೆಳಿಗ್ಗೆ ಟೀ ಕುಡಿದಿದ್ದೆ. ಅದರ ವಾಸನೆ ಬಂದ್ರೆ ಬರಬಹುದು" ಅಂದು ಗೋಡೆಯ ಕಡೆ ತಿರುಗಿ ಮಲಗಿದ.

ವಿಚಾರಣೆ ಮುಗಿಯಲು ಏಳು ವಾರ ಹಿಡಿಯಿತು. ಕೆಲಸದಿಂದ ವಜಾ ಎಂದು ಬರೆದ ಹಾಳೆ ಬಂತು. ಮೇಲಿನ ಅಧಿಕಾರಿಗೆ ಮನವಿ ಹಾಕಲು ಇಡೀ ಕಡತದ ನಾಲ್ಕು ಪ್ರತಿ ಬೇಕಿತ್ತು. ಜೆರಾಕ್ಸಮ್ಮನ ಗಂಡ ಬೇರೆ ಅಂಗಡಿಗೆ ಹೋಗುತ್ತಾನೆಯೇ? ಕಡತ ಅವಳ ಸ್ಟೂಲಿನ ಮೇಲಿಟ್ಟು, ವಕೀಲರನ್ನು ನೋಡಿ ಬರುತ್ತೇನೆಂದು ರಸ್ತೆ ದಾಟಿದ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡೇ ದಾಟಿದ. ಇಲ್ಲದಿದ್ದರೆ ಒಂದು ರಸ್ತೆ ಎರಡಾಗುತ್ತಿತ್ತು.

ಅವಳು ಒಂದೊಂದೇ ಹಾಳೆ ಗಾಜಿನ ಮೇಲೆ ಬೋರಲು ಹಾಕಿ ಮುಚ್ಚಳ ಮುಚ್ಚುತ್ತ ಹೋದಳು. ಹನ್ನೆರಡನೆಯ ಹಾಳೆಯ ಕೈಬರಹ ಕಣ್ಣಿಗೆ ಬಿತ್ತು. ಆ ಅಕ್ಷರಗಳನ್ನು ತಿದ್ದಿಸಿದವಳು ಅವಳೇ. 'ಕೆಲವು ತಿಂಗಳಿಂದ ಇವರು ಕರ್ತವ್ಯದ ವೇಳೆ ಮದ್ಯಪಾನ ಮಾಡಿರುವುದನ್ನು ನಾನು ಗಮನಿಸಿದ್ದೇನೆ. ಸಂಬಂಧಿಕರಾದ್ದರಿಂದ ಇಲ್ಲಿಯವರೆಗೆ ಹೇಳಿರಲಿಲ್ಲ.' ಕೆಳಗೆ ತಮ್ಮನ ಸಹಿ.

ಅವಳು ನೇಮ ಮುರಿದು ಆ ಹಾಳೆಯನ್ನು ಮೂರು ಸಲ ಓದಿದಳು. ಎದೆಯಲ್ಲಿ ಮೊದಲು ಎದ್ದದ್ದು ತಮ್ಮನ ಮೇಲಿನ ಸಿಟ್ಟಲ್ಲ. ಇದನ್ನು ಅವಳು ಆಮೇಲೆ ಎಷ್ಟು ಸಲ ನೆನೆದುಕೊಂಡಳೋ ಲೆಕ್ಕವಿಲ್ಲ. ಮೊದಲು ಎದ್ದದ್ದು 'ಹಾಗಾದರೆ ನಿಜವೇ' ಎಂಬ ಮಾತು. ಅಕ್ಕನ ಸಂಸಾರಕ್ಕೆ ಕಲ್ಲು ಹಾಕುವ ಹುಡುಗನಲ್ಲ ಅವನು. ಅಪ್ಪನ ಕೆಂಪು ಕಣ್ಣನ್ನು ಅವಳ ಜೊತೆಗೇ ಕೂತು ಕಂಡವನು. ಅವನಿಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು?

ಗಂಡ ಬಂದಾಗ ಹಾಳೆಯನ್ನು ಅವನ ಮುಂದೆ ಹಿಡಿದಳು. "ಊರೆಲ್ಲ ಸುಳ್ಳು ಹೇಳ್ಬಹುದು ರೀ. ನನ್ನ ತಮ್ಮ ಯಾಕೆ ಹೇಳ್ತಾನೆ?"

ಅವನು ಒಂದು ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಓದಿದ. ಅವನಿಗೂ ಅದು ಹೊಸತು. ಸಾಕ್ಷಿ ಹೇಳಿದವರು ಯಾರೆಂದು ವಿಚಾರಣೆಯಲ್ಲಿ ಹೇಳಿರಲಿಲ್ಲ. ಓದಿ ಮುಗಿಸಿ, ಹಾಳೆಯನ್ನು ಕಡತದಲ್ಲಿ ಅದರ ಜಾಗಕ್ಕೇ ಸೇರಿಸಿದ.

"ಹೇಳ್ರೀ, ಯಾಕೆ ಹೇಳ್ತಾನೆ?"

"ಅದನ್ನ ಅವನನ್ನೇ ಕೇಳು" ಅಂದ.

ಅವಳು ಕೇಳಲಿಲ್ಲ. ಕೇಳುವುದೇನಿದೆ, ಬರೆದುಕೊಟ್ಟಿದ್ದಾನಲ್ಲ. ಹತ್ತು ದಿನ ಮನೆಯಲ್ಲಿ ತಟ್ಟೆ ಲೋಟಗಳದ್ದೇ ಮಾತು. ಅವನು ಕನ್ನಡಿಯ ಮುಂದೆ ನಿಂತು ಎಡಗಣ್ಣಿನ ಮುಂದೆ ಬೆರಳು ಆಡಿಸಿಕೊಳ್ಳುವುದನ್ನು ಅವಳು ಕಂಡಳು. ಕಂಡೂ ಏನೆಂದು ವಿಚಾರಿಸಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಅವನು ಮುಖಕ್ಷೌರ ಮಾಡಿಕೊಳ್ಳುತ್ತಿದ್ದವನು ಬ್ಲೇಡು ಕೆಳಗಿಟ್ಟು, "ಈ ಕಡೆ ಕತ್ತಲಾಯ್ತು" ಅಂದ. ಬಸ್ಸು ಬಂತು ಎಂದು ಹೇಳುವ ಹಾಗೆ ಹೇಳಿದ. ಕಣ್ಣು ಅರ್ಧ ಇಂಚು ಹೊರಗೆ ಬಂದಿತ್ತು. ನಾಡಿ ಹೊಡೆದಂತೆ ಅದು ಹೊಡೆದುಕೊಳ್ಳುತ್ತಿತ್ತು. ಕುಡಿತ ಹೀಗೆ ಮಾಡುವುದಿಲ್ಲ. ಅಷ್ಟು ಅವಳಿಗೆ ಗೊತ್ತಿತ್ತು.

ದೊಡ್ಡಾಸ್ಪತ್ರೆಯ ಕಣ್ಣಿನ ವಿಭಾಗದಲ್ಲಿದ್ದದ್ದು ಇನ್ನೂ ಮೂವತ್ತು ದಾಟದ ಡಾಕ್ಟರಮ್ಮ. ಆಕೆ ಹನಿ ಬರೆಯಲಿಲ್ಲ. ಕಣ್ಣನ್ನು ನೋಡಿದಳು, ಮಾತು ನಿಲ್ಲಿಸಿದಳು, ಕುತ್ತಿಗೆಯಲ್ಲಿದ್ದ ಸ್ಟೆತಾಸ್ಕೋಪು ತೆಗೆದು ಅವನ ಮುಚ್ಚಿದ ರೆಪ್ಪೆಯ ಮೇಲೆ ಮೆಲ್ಲಗೆ ಇಟ್ಟಳು. ಎದೆಯ ಮೇಲಿಡುವುದನ್ನು ಕಣ್ಣಿನ ಮೇಲಿಡುತ್ತಾರಲ್ಲ ಎಂದು ಹೆಂಡತಿ ನೋಡುತ್ತಲೇ ಇದ್ದಳು.

"ನಿಮಗೆ ತಲೆಯೊಳಗೆ ಸದ್ದು ಕೇಳಿಸುತ್ತಾ? ಬುಸ್ ಬುಸ್ ಅಂತ?" ಎಂದು ಡಾಕ್ಟರಮ್ಮ ಕೇಳಿದಳು.

ಅವನು ಜೋರಾಗಿ ತಲೆಯಾಡಿಸಿದ. ನಾಲ್ಕು ತಿಂಗಳಲ್ಲಿ ಮೊದಲ ಸಲ ಒಬ್ಬರು ಅದನ್ನು ಅವನಿಗಿಂತ ಮುಂಚೆ ಹೇಳಿದ್ದರು.

"ನನಗೂ ಕೇಳಿಸ್ತಿದೆ" ಎಂದು ಆಕೆ ಸ್ಟೆತಾಸ್ಕೋಪಿನ ತುದಿಗಳನ್ನು ಹೆಂಡತಿಯ ಕಿವಿಗೆ ಕೊಟ್ಟಳು. "ಕೇಳಿ ಅಮ್ಮಾ."

ಬುಸ್... ಬುಸ್... ಬುಸ್... ಯಾರೋ ಬಿಡುವಿಲ್ಲದೆ ಗಾಳಿ ಹೊಡೆಯುತ್ತಿದ್ದರು. ಅವಳು ಆ ಕೊಳವೆಗಳನ್ನು ಕಿವಿಯಿಂದ ತೆಗೆಯಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ನಿಂತಳು.

ಡಾಕ್ಟರಮ್ಮ ಒಂದು ಕಾಗದದ ಮೇಲೆ ಗೀಚಿ ತೋರಿಸಿದಳು. ಕಣ್ಣಿನ ಹಿಂದೆ ತಲೆಬುರುಡೆಯ ತಳದಲ್ಲಿ ಕೆಟ್ಟ ರಕ್ತ ಸೇರುವ ಒಂದು ಮಡು ಇದೆ. ಮೆದುಳಿಗೆ ಒಳ್ಳೆ ರಕ್ತ ಒಯ್ಯುವ ದೊಡ್ಡ ನಾಳ ಅದರ ನಡುವೆಯೇ ಹಾದುಹೋಗುತ್ತದೆ. ಎರಡೂ ಒಂದಕ್ಕೊಂದು ಬೆರೆಯಬಾರದು. ನಾಳ ಹರಿದರೆ ರಕ್ತ ರಭಸದಿಂದ ಮಡುವಿಗೆ ನುಗ್ಗಿ, ಹೋಗಲು ದಾರಿಯಿಲ್ಲದೆ ಕಣ್ಣಿನ ಕಡೆ ಹಿಂತಿರುಗುತ್ತದೆ. ಅದಕ್ಕೇ ಕೆಂಪು, ಅದಕ್ಕೇ ಊತ, ಅದಕ್ಕೇ ಒಂದು ಎರಡಾಗಿ ಕಾಣುವುದು, ಅದಕ್ಕೇ ಸದ್ದು. "ಇದು ಸುಮ್ಮನೆ ಹರಿಯೋದು ಅಪರೂಪ. ತಲೆಗೆ ಜೋರಾಗಿ ಏಟು ಬಿದ್ದಿತ್ತಾ?"

"ಮೆಟ್ಟಿಲಲ್ಲಿ ಜಾರಿದ್ರು" ಎಂದು ಹೆಂಡತಿ ಬಾಯಿ ಹಾಕಿದಳು.

"ಜಾರಿದ್ದಾ? ನಿಜ ಹೇಳಿ. ಯಾವ ಕಡೆಯಿಂದ ಬಿತ್ತು ಅಂತ ಗೊತ್ತಾದ್ರೆ ನಮಗೆ ಅನುಕೂಲ" ಎಂದು ಡಾಕ್ಟರಮ್ಮ ಅವನನ್ನೇ ನೋಡಿದಳು.

ಅವನು ಹೆಂಡತಿಯನ್ನು ನೋಡಲಿಲ್ಲ. "ಬಸ್ಸಿನ ಹಿಂದುಗಡೆ ಇಂಜಿನ್ ಮುಚ್ಚಳ. ಎತ್ತಿ ಆನಿಕೆ ಕೋಲು ಕೊಟ್ಟು ನಿಲ್ಲಿಸಿದ್ರು. ಆನಿಕೆ ಸರಿಯಾಗಿ ಕೂರಿಸಿರಲಿಲ್ಲ. ನಾನು ಬಗ್ಗಿ ನೋಡ್ತಿದ್ದೆ, ಬಿತ್ತು. ಸ್ವಲ್ಪ ಹೊತ್ತು ಎಚ್ಚರ ಇರಲಿಲ್ಲ."

"ಯಾರು ಕೂರಿಸಿದ್ದು?" ಪ್ರಶ್ನೆ ಕೇಳಿದ್ದು ಹೆಂಡತಿ. ಕೇಳುವಾಗಲೇ ಉತ್ತರ ಗೊತ್ತಾಗಿತ್ತು.

ಸ್ಕ್ಯಾನಿಗೆ ಕಾಯುತ್ತ ಹೊರಗಿನ ಬೆಂಚಿನಲ್ಲಿ ಕೂತಾಗ ಅವನು ಉಳಿದದ್ದನ್ನು ಹೇಳಿದ. ಆನಿಕೆ ಕೂರಿಸಿದ್ದ ಅವಳ ತಮ್ಮ ಇವನ ಕಾಲಿಗೆ ಬಿದ್ದಿದ್ದ: ಭಾವ, ಅಪಘಾತದ ಪುಸ್ತಕದಲ್ಲಿ ಬರೆಸಬೇಡಿ, ಬರೆಸಿದ್ರೆ ನಾನು ಖಾಯಂ ಆಗಲ್ಲ, ಅಕ್ಕನಿಗೂ ಹೇಳಬೇಡಿ. ಇವನು ಹೇಳಲಿಲ್ಲ. ನೀಲಿ ಇಳಿಯಲೆಂದು ಎರಡು ದಿನ ಡಿಪೋದ ವಿಶ್ರಾಂತಿ ಕೋಣೆಯಲ್ಲೇ ಮಲಗಿದ್ದ.

"ನಂಗೆ ಯಾಕೆ ಹೇಳ್ಲಿಲ್ಲ? ಆ ಹಾಳೆ ತೋರಿಸಿದಾಗ್ಲಾದ್ರೂ ಹೇಳ್ಬಾರ್ದಿತ್ತಾ?"

"ಆವತ್ತು ಹೇಳಿದ್ರೆ ನೀನು ಯಾರನ್ನ ನಂಬ್ತಿದ್ದೆ?"

ಅಷ್ಟರಲ್ಲಿ ಸ್ಕ್ಯಾನಿಗೆ ಅವನ ಹೆಸರು ಕೂಗಿದರು.

ತೊಡೆಯ ನಾಳದಿಂದ ಕೂದಲಿನಂಥ ಕೊಳವೆ ಏರಿಸಿ, ತಲೆಯೊಳಗಿನ ಆ ಹರಿದ ಜಾಗಕ್ಕೆ ಸಣ್ಣ ಸಣ್ಣ ತಂತಿಯ ಸುರುಳಿ ತುಂಬಿ ಮುಚ್ಚಿದರು. ಮೂರು ತಾಸು ಹಿಡಿಯಿತು. ಎಚ್ಚರವಾದವನು ಮೊದಲು ಅಂದದ್ದು, "ನಿಂತು ಹೋಯ್ತು." ಹದಿನೈದು ದಿನದಲ್ಲಿ ಕೆಂಪು ಇಳಿಯಿತು, ಕಣ್ಣು ಒಳಸರಿದು ತನ್ನ ಜಾಗಕ್ಕೆ ಬಂತು. ನೋಡಿದವರಿಗೆ ಏನೂ ಆಗಿಲ್ಲವೆಂಬಂತೆ. ಆದರೆ ಅದಕ್ಕೆ ಬೆಳಕು, ಕತ್ತಲೆ ಬಿಟ್ಟು ಬೇರೇನೂ ಕಾಣಲಿಲ್ಲ. ಇನ್ನು ಕಾಣುವುದೂ ಇಲ್ಲ. "ಎರಡು ತಿಂಗಳು ಮೊದಲು ಬಂದಿದ್ರೆ..." ಎಂದು ಡಾಕ್ಟರಮ್ಮ ಹೇಳಹೊರಟು, ಹೆಂಡತಿಯ ಮುಖ ಕಂಡು ಅಲ್ಲಿಗೇ ಬಿಟ್ಟಳು. ಎರಡು ತಿಂಗಳು ಮೊದಲು ಆ ಹೆಂಡತಿ ನೀರಿನ ತೊಟ್ಟಿಯೊಳಗೆ ಬಾಟಲಿ ಹುಡುಕುತ್ತಿದ್ದಳು.

ಅವಳು ವರ್ಕ್‌ಶಾಪಿಗೆ ಹೋದಳು. ತಮ್ಮ ಬಸ್ಸೊಂದರ ಅಡಿಯಲ್ಲಿ ಮಲಗಿ ನಟ್ಟು ಬಿಗಿಯುತ್ತಿದ್ದ. ಎರಡು ಕಾಲು ಮಾತ್ರ ಹೊರಗಿದ್ದವು. ಆ ಕಾಲುಗಳನ್ನೇ ಗುರುತು ಹಿಡಿದು, ಪಾದಕ್ಕೆ ಒದ್ದಳು.

ಅವನು ಹೊರಗೆ ಬಂದು ಅಕ್ಕನನ್ನು ಕಂಡೊಡನೆ ಅಳಲು ಶುರುಮಾಡಿದ. "ಮ್ಯಾನೇಜರ್ ಬರೆಸ್ಕೊಂಡ್ರು ಅಕ್ಕ. ನನ್ನ ಖಾಯಂ ಕಾಗದ ಅವರ ಮೇಜಿನ ಮೇಲಿತ್ತು. ನಾನು ಇಲ್ಲ ಅಂದಿದ್ರೆ, ಮತ್ತೆ ಕಣ್ಣು ಯಾಕೆ ಕೆಂಪಾಯ್ತು ಅಂತ ಕೇಳ್ತಿದ್ರು. ಆಗ ಮುಚ್ಚಳದ ವಿಷಯ ಬರ್ತಿತ್ತು. ಕೆಂಪು ಕಣ್ಣಿಂದ ಯಾರಿಗೇನಾಗುತ್ತೆ, ಸ್ವಲ್ಪ ದಿನ ಮನೇಲಿರ್ತಾರೆ, ಮತ್ತೆ ತಗೋತಾರೆ ಅಂದ್ಕೊಂಡೆ."

"ಈಗ ನಿಜ ಬರೆದು ಕೊಡು."

ಅವನು ಎಣ್ಣೆಯ ಕೈಯಿಂದಲೇ ಮುಖ ಒರೆಸಿಕೊಂಡ. "ಕೊಡ್ತೀನಿ ಅಕ್ಕ. ಸ್ವಲ್ಪ ಟೈಮ್ ಕೊಡು. ನನ್ನ ಹೆಂಡ್ತಿಗೆ ಏಳು ತಿಂಗಳು. ಈಗ ನನ್ನ ಕೆಲಸ ಹೋದ್ರೆ..."

"ನಿನ್ನ ಎತ್ತಿ ಆಡಿಸಿದ ಕೈ ಕಣೋ ಇದು" ಎಂದು ಅವಳು ಕೈ ಎತ್ತಿದಳು. ಹೊಡೆಯಲು ಆಗಲಿಲ್ಲ. ತಲೆ ತಗ್ಗಿಸಿ ನಿಂತ ಅವನ ಭಂಗಿ ಬಚ್ಚಲಿನ ಮೂಲೆಯಲ್ಲಿ ಕೂರುತ್ತಿದ್ದ ಹುಡುಗನದ್ದೇ ಆಗಿತ್ತು. ಹೆದರಿದವರು ಏನು ಬೇಕಾದರೂ ಬರೆದುಕೊಡುತ್ತಾರೆ. ಹಾಗೆ ಹೆದರಲು ಅವನಿಗೆ ಕಲಿಸಿದವಳೂ ತಾನೇ ಇರಬಹುದು ಎನ್ನಿಸಿ, "ಇನ್ನು ನಮ್ಮ ಹೊಸ್ತಿಲು ತುಳೀಬೇಡ" ಎಂದು ತಿರುಗಿ ಬಂದಳು. ಅವನು ತುಳಿಯಲಿಲ್ಲ. ಬರೆದೂ ಕೊಡಲಿಲ್ಲ. ಖಾಯಂ ಆದ ಸುದ್ದಿ ಮೂರನೆಯವರಿಂದ ಬಂತು.

ಆಸ್ಪತ್ರೆಯ ಕಾಗದಗಳನ್ನೆಲ್ಲ ಅವಳೇ ಪ್ರತಿ ಮಾಡಿ ಮನವಿಗೆ ಲಗತ್ತಿಸಿದಳು. ಐದು ತಿಂಗಳ ಮೇಲೆ ಉತ್ತರ ಬಂತು: 'ವಜಾ ಆದೇಶವನ್ನು ಹಿಂಪಡೆದು, ದೃಷ್ಟಿದೋಷದ ಕಾರಣ ಸೇವೆಯಿಂದ ಬಿಡುಗಡೆಗೊಳಿಸಲಾಗಿದೆ.' ಕುಡಿದಿರಲಿಲ್ಲ ಎಂಬ ಮಾತು ಎಲ್ಲಿಯೂ ಇರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಕಾಗದ. ಅವಳು ಆ ಒಂದು ಸಾಲಿಗಾಗಿ ಮತ್ತೆ ಮೂರು ಸಲ ಬರೆದಳು. ಮೂರಕ್ಕೂ 'ಈಗಾಗಲೇ ಇತ್ಯರ್ಥಗೊಂಡಿದೆ' ಎಂದು ಒಂದೇ ಉತ್ತರ.

ಅವನು ಮನೆಯಲ್ಲಿ ಸಿಟ್ಟು ತೋರಿಸಲಿಲ್ಲ. ತೋರಿಸಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ, ಬಡಿಸಿದ್ದು ಉಣ್ಣುತ್ತಿದ್ದ, ಅಂಗಡಿಗೆ ಬಂದು ಪಿನ್ನು ಹೊಡೆದುಕೊಡುತ್ತಿದ್ದ. ಒಂದು ದಿನ ತಡೆಯಲಾರದೆ, "ಅವನನ್ನ ಬೇಕಾದ್ರೆ ಕ್ಷಮಿಸ್ಬೇಡಿ, ನನ್ನನ್ನಾದ್ರೂ..." ಎಂದು ಅಂಗಲಾಚಿದಳು.

"ಅವನು ಹೆದರಿಕೊಂಡು ಬರೆದ" ಅಂದ ಅವನು, ಹಾಳೆಗಳ ಅಂಚು ತಟ್ಟಿ ಸರಿಮಾಡುತ್ತ. "ಅವನದು ನಂಗೆ ಅರ್ಥ ಆಗುತ್ತೆ. ನಿಂಗೆ ಯಾರ ಹೆದರಿಕೆ ಇತ್ತು?"

ವರ್ಷದ ತಪಾಸಣೆಗೆ ಆಸ್ಪತ್ರೆಗೆ ಹೊರಟ ದಿನ ಅವರು ಹತ್ತಿದ ಬಸ್ಸಿನ ಡ್ರೈವರ್ ಅವನ ಹಳೆಯ ಜೊತೆಗಾರ. ಕನ್ನಡಿಯಲ್ಲಿ ಇವನನ್ನು ಕಂಡು ಮುಖವರಳಿಸಿ, ಮುಂದಿನ ಸೀಟಿಗೆ ಕರೆದು ಕೂರಿಸಿಕೊಂಡ. ಅವರಿವರ ಸಮಾಚಾರವಾಯಿತು. ಸಿಗ್ನಲಿನಲ್ಲಿ ಬಸ್ಸು ನಿಂತಾಗ ಅವನು ಹಿಂದೆ ಬಾಗಿ, ದನಿ ತಗ್ಗಿಸಿ, ನಿಜವಾದ ಪ್ರೀತಿಯಿಂದಲೇ ಕೇಳಿದ: "ಗುರೂ, ಈಗಾದ್ರೂ ಬಿಟ್ಟಿದ್ದೀಯ ತಾನೆ?"

"ಹೂಂ" ಅಂದ ಇವನು. "ಬಿಟ್ಟೆ."

"ಒಳ್ಳೇದಾಯ್ತು ಬಿಡು. ಮುಖದಲ್ಲೇ ಗೊತ್ತಾಗುತ್ತೆ."

ಅವಳು ಎದ್ದು ನಿಂತಳು. "ಇವರು ಯಾವತ್ತೂ ಕುಡಿದವರಲ್ಲ! ಕಣ್ಣಿನ ಹಿಂದೆ ನರ ಹರಿದಿತ್ತು. ಏಟು ಬಿದ್ದಿತ್ತು, ನಿಮ್ಮ ಡಿಪೋದಲ್ಲೇ. ಆಸ್ಪತ್ರೆ ಕಾಗದ ಇದೆ, ಬೇಕಾದ್ರೆ ತೋರಿಸ್ತೀನಿ!" ದನಿ ಇಡೀ ಬಸ್ಸಿಗೆ ಕೇಳುವಷ್ಟು ಏರಿತ್ತು. ಹಿಂದಿನ ಸೀಟುಗಳಲ್ಲಿ ನಾಲ್ಕೈದು ತಲೆ ಎತ್ತಿ ನೋಡಿ, ಮತ್ತೆ ಕಿಟಕಿಯ ಕಡೆ ತಿರುಗಿದವು.

ಆ ಡ್ರೈವರ್ ಅವಳನ್ನು ಕನಿಕರದಿಂದ ನೋಡಿದ. "ಇರಲಿ ಬಿಡಿ ಅಕ್ಕಾ. ಹೆಂಡತಿ ಆದವರು ಹಾಗೆ ಹೇಳಲೇಬೇಕಲ್ಲ" ಎಂದು ಗೇರು ಹಾಕಿದ.

ಬಸ್ಸು ಹೊರಟಿತು. ಅವಳು ಕಂಬಿ ಹಿಡಿದು ನಿಂತೇ ಇದ್ದಳು.

"ಕೂತ್ಕೋ" ಅಂದ ಗಂಡ, ಅವಳ ಕಡೆ ನೋಡದೆ. "ಇನ್ನೂ ಹನ್ನೆರಡು ಸ್ಟಾಪ್ ಇದೆ."